ಹೊಸ ಡೆಸ್ಕ್‌ಟಾಪ್ ಯಾಕೆ ನಿಧಾನ? ಓದುಗರ ಪ್ರಶ್ನೆಗಳು, ಉತ್ತರಗಳು

ಬಿಡಿಭಾಗ ಕೊಂಡು ತಂದು ಮನೆಯಲ್ಲೇ ಜೋಡಿಸಿದ, ಇಲ್ಲವೇ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ಹೊಸ ಡೆಸ್ಕ್‌ಟಾಪ್ ನಿಧಾನವಾಗಿದೆ ಎಂಬ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಥ ದೂರುಗಳಲ್ಲಿ ನಿಜಕ್ಕೂ ಕೆಟ್ಟ ಭಾಗ ಸಿಗುವುದು ಅಪರೂಪ. ಭಾಗ ಚೆನ್ನಾಗಿಯೇ ಇರುತ್ತದೆ, ಅದು ತನ್ನ ಪೂರ್ತಿ ವೇಗಕ್ಕೆ ಹೋಗದಂತೆ ಒಂದು ಸೆಟ್ಟಿಂಗ್, ತಪ್ಪು ಸ್ಲಾಟ್ ಅಥವಾ ಸರಿಯಾಗಿ ಕೂರದ ಕೂಲರ್ ತಡೆದಿರುತ್ತದೆ. ಹಾಗಾಗಿ ಏನನ್ನೂ ಬದಲಿಸುವ ಮೊದಲು ಅಳೆದು ನೋಡಿ. ಅದಕ್ಕೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಜೊತೆಗೆ ಸಿಪಿಯು-ಝಡ್, ಜಿಪಿಯು-ಝಡ್, ಎಚ್‌ಡಬ್ಲ್ಯುಇನ್ಫೋ ಎಂಬ ಮೂರು ಉಚಿತ ತಂತ್ರಾಂಶಗಳು ಬಹುಪಾಲು ಸಾಕು. ಪ್ರಶ್ನೆ ಕಳಿಸುವವರು ಪ್ರೊಸೆಸರ್, ಬೋರ್ಡ್, ರ‍್ಯಾಮ್, ಡಿಸ್ಕ್ ಇವುಗಳ ಪೂರ್ತಿ ಹೆಸರು ಬರೆಯಿರಿ. 'ಐ5, 16 ಜಿಬಿ' ಎಂದಷ್ಟೇ ಬರೆದರೆ ಉತ್ತರಿಸುವುದು ಕಷ್ಟ.

ಪ್ರಶ್ನೆ: ನಮಸ್ಕಾರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಭಾಗಗಳನ್ನು ಕೊಂಡು ನಾನೇ ಪಿಸಿ ಜೋಡಿಸಿದೆ. ರೈಜೆನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 6000 ರ‍್ಯಾಮ್, ಆರ್‌ಟಿಎಕ್ಸ್ 4060, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 144 ಹರ್ಟ್ಸ್ ಮಾನಿಟರ್. ಗೇಮ್‌ಗಳು ತಡವರಿಸುತ್ತವೆ. ಗೆಳೆಯನ ಹಳೆಯ ಪಿಸಿಯೇ ಇದಕ್ಕಿಂತ ಚುರುಕು. ಪ್ರೊಸೆಸರ್ ಸಾಲದು, ಬದಲಿಸಿ ಎಂದು ಒಬ್ಬರು ಹೇಳಿದರು. ಏನು ಮಾಡಲಿ? (ದಾವಣಗೆರೆ)

ಉತ್ತರ: ಪ್ರೊಸೆಸರ್ ಬದಲಿಸಲು ದುಡ್ಡು ಹಾಕಬೇಡಿ. 7600ರಲ್ಲಿ ಆರು ಕೋರ್‌ಗಳಿವೆ, 5.1 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. 4060 ಕಾರ್ಡಿಗೆ ಅದು ಧಾರಾಳವಾಗಿ ಸಾಕು.

ಮೊದಲು ಪಿಸಿಯ ಹಿಂಬದಿ ನೋಡಿ. ಮಾನಿಟರ್ ಕೇಬಲ್ ಯುಎಸ್‌ಬಿ ಪೋರ್ಟ್‌ಗಳ ಸಾಲಿನಲ್ಲಿದೆಯೋ, ಅದಕ್ಕಿಂತ ಕೆಳಗೆ ಗ್ರಾಫಿಕ್ಸ್ ಕಾರ್ಡಿನ ಪೋರ್ಟ್‌ನಲ್ಲಿದೆಯೋ? 7600ರ ಒಳಗೇ ಒಂದು ಪುಟ್ಟ ಗ್ರಾಫಿಕ್ಸ್ ಇರುವುದರಿಂದ ಕೇಬಲ್ ಬೋರ್ಡಿಗೆ ಹಾಕಿದರೂ ಪರದೆ ಬೆಳಗುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಆಗ ಗೇಮ್ ಆ ಪುಟ್ಟ ಗ್ರಾಫಿಕ್ಸ್‌ನಲ್ಲೇ ಓಡಬಹುದು, ಇಲ್ಲವೇ ಕಾರ್ಡ್ ತಯಾರಿಸಿದ ಪ್ರತಿ ಚಿತ್ರವೂ ಅದರ ಮೂಲಕ ಸುತ್ತಿ ಪರದೆಗೆ ಬರಬಹುದು. ಕೇಬಲ್ ಕಾರ್ಡಿಗೆ ಹಾಕಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಅದನ್ನೇ ಬಳಸಿ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು 60ರಲ್ಲೇ ಓಡಿಸುತ್ತಿರುವವರು ಬಹಳ ಮಂದಿ. ವಿಂಡೋಸ್ ತಾನಾಗಿ ಎಲ್ಲ ಸಲವೂ ಅದನ್ನು ಏರಿಸುವುದಿಲ್ಲ.

ನಿಮ್ಮ ತೊಂದರೆಯ ದೊಡ್ಡ ಪಾಲು ರ‍್ಯಾಮ್‌ನಲ್ಲಿರುವ ಸಾಧ್ಯತೆ ಹೆಚ್ಚು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ. ಸ್ಪೀಡ್ ಎಂಬಲ್ಲಿ 6000 ಇರಬೇಕು. ಬಹುತೇಕ 4800 ಇರುತ್ತದೆ. ಡಬ್ಬದ ಮೇಲಿನ 6000 ಎಂಬುದು ರ‍್ಯಾಮ್ ತಾನಾಗಿ ಓಡುವ ವೇಗವಲ್ಲ. ರ‍್ಯಾಮ್ ತಯಾರಕರು ಅದನ್ನು ಎಕ್ಸ್‌ಪೋ ಎಂಬ ಪ್ರೊಫೈಲ್‌ನಲ್ಲಿ ಬರೆದಿಟ್ಟಿರುತ್ತಾರೆ, ಬಳಸಬೇಕೆಂದು ನಾವು ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಹೇಳಬೇಕು. ಹೇಳದಿದ್ದರೆ ಬೋರ್ಡ್ ಸುರಕ್ಷಿತ ವೇಗದಲ್ಲೇ ನಿಲ್ಲುತ್ತದೆ. ಇಂಟೆಲ್ ಬೋರ್ಡ್‌ಗಳಲ್ಲಿ ಇದೇ ಕೆಲಸದ ಪ್ರೊಫೈಲ್‌ಗೆ ಎಕ್ಸ್‌ಎಂಪಿ ಎಂದು ಹೆಸರು. ಸಿಪಿಯು-ಝಡ್‌ನಲ್ಲಿ ನೋಡುವವರಿಗೆ ಒಂದು ಮಾತು: ಅಲ್ಲಿ ಡಿರ‍್ಯಾಮ್ ಫ್ರೀಕ್ವೆನ್ಸಿ ಅರ್ಧ ಸಂಖ್ಯೆಯಲ್ಲಿ ಬರುತ್ತದೆ. 3000 ಕಂಡರೆ ಅದು 6000ವೇ, ಗಾಬರಿ ಬೇಡ.

ಎಕ್ಸ್‌ಪೋ ಹಾಕುವ ಮೊದಲು ಪಿಸಿಯ ಕರೆಂಟ್ ತೆಗೆದು, ಬದಿಯ ಫಲಕ ಬಿಚ್ಚಿ ಸ್ಲಾಟ್‌ಗಳನ್ನು ನೋಡಿ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಎರಡೇ ರ‍್ಯಾಮ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬೋರ್ಡ್ ಮೇಲೆ ಎ2, ಬಿ2 ಎಂದು ಅಚ್ಚಾಗಿರುತ್ತದೆ. ಪಕ್ಕಪಕ್ಕದ ಒಂದು, ಎರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬಿದ್ದು, ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿ ಅರ್ಧವಾಗುತ್ತದೆ. ಒಂದು, ಮೂರಕ್ಕೆ ಹಾಕಿದರೆ ಎರಡು ಚಾನೆಲ್ ಸಿಗುತ್ತವೆ, ಆದರೆ ಹೆಚ್ಚಿನ ವೇಗದಲ್ಲಿ ಸ್ಥಿರವಾಗಿ ನಿಲ್ಲದಿರಬಹುದು. ಒತ್ತಿ ಕೂರಿಸುವಾಗ ಕ್ಲಿಪ್ 'ಟಕ್' ಎನ್ನಬೇಕು.

ಈಗ ಪಿಸಿ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತ ಬಯೋಸ್‌ಗೆ ಹೋಗಿ, ಎಕ್ಸ್‌ಪೋ ಆಯ್ದು, ಎಫ್10 ಒತ್ತಿ ಸೇವ್ ಮಾಡಿ. ಇಲ್ಲೇ ಹಲವರು ಹೆದರಿ ಎಡವಟ್ಟು ಮಾಡಿಕೊಳ್ಳುತ್ತಾರೆ. ಪರದೆ ಕಪ್ಪಾಗಿ ಕೆಲವು ನಿಮಿಷ ಹಾಗೇ ಇರುತ್ತದೆ. ಹೊಸ ವೇಗಕ್ಕೆ ತಕ್ಕಂತೆ ಬೋರ್ಡ್ ರ‍್ಯಾಮ್‌ನ ಸಂಕೇತಗಳನ್ನು ಹೊಂದಿಸಿಕೊಳ್ಳುವ ಹೊತ್ತು ಅದು, ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ನಿಮ್ಮದರಂತೆ ಎಎಂ5 ಬಗೆಯ ಪ್ರೊಸೆಸರ್ ಸಾಕೆಟ್ ಇರುವ ಬೋರ್ಡ್‌ಗಳಲ್ಲಿ ಇದು ಹಿಂದಿನ ಎಎಂ4ಗಿಂತ ಬಹಳ ನಿಧಾನ. ಹತ್ತು ಹದಿನೈದು ನಿಮಿಷ ಕಾಯಿರಿ, ಸ್ವಿಚ್ ಮುಟ್ಟಬೇಡಿ. ಅಷ್ಟಾದರೂ ಚಿತ್ರ ಬಾರದಿದ್ದರೆ ಕರೆಂಟ್ ತೆಗೆದು, ಬೋರ್ಡ್‌ನ ಸಿಆರ್2032 ಸೆಲ್ಲನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಬೋರ್ಡ್ ಕಂಪನಿಯ ತಾಣದಿಂದ ಹೊಸ ಬಯೋಸ್ ಹಾಕಿ ಮತ್ತೆ ಪ್ರಯತ್ನಿಸಿ. ಆಗಲೂ 6000 ನಿಲ್ಲದಿದ್ದರೆ 5600ಕ್ಕೆ ಇಳಿಸಿ ನೋಡಿ. ರೈಜೆನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಒಪ್ಪಿಕೊಳ್ಳುವುದು 5200. ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ಮಿತಿ ಮೀರಿ ಓಡಿಸುವ, ಲೆಕ್ಕಕ್ಕೇ ಸೇರುತ್ತದೆ. ವೇಗ ನಿಂತ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಓಡಿಸಿ. ಒಂದೇ ಒಂದು ದೋಷ ಬಂದರೂ ಆ ವೇಗವನ್ನು ಇಟ್ಟುಕೊಳ್ಳಬೇಡಿ, ಮುಂದೊಂದು ದಿನ ಫೈಲುಗಳು ಕೆಡುತ್ತವೆ.

ಮುಂದೆ ಯಾವಾಗಲಾದರೂ ಖಾಲಿ ಸ್ಲಾಟ್ ಎರಡಕ್ಕೂ ರ‍್ಯಾಮ್ ತುಂಬುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಾಲ್ಕು ಡಿಡಿಆರ್5 ಹಾಕಿದರೆ ಈ ಪ್ರೊಸೆಸರ್‌ಗೆ ಎಎಂಡಿ ಹೇಳುವ ವೇಗ 3600 ಮಾತ್ರ. 64 ಜಿಬಿ ಬೇಕಾದರೆ 32 ಜಿಬಿಯ ಎರಡನ್ನು ಕೊಳ್ಳಿ.

ಕೊನೆಗೆ ಜಿಪಿಯು-ಝಡ್ ತೆರೆದು ಬಸ್ ಇಂಟರ್ಫೇಸ್ ಸಾಲು ಓದಿ. 4060 ಕಾರ್ಡಿಗೆ ಎಕ್ಸ್8 ಇರುವುದೇ ಸರಿ, ಆ ಕಾರ್ಡ್ ಇರುವುದೇ ಎಂಟು ಲೇನ್‌ಗಳಲ್ಲಿ (ಪ್ರೊಸೆಸರ್‌ಗೂ ಕಾರ್ಡಿಗೂ ನಡುವೆ ದತ್ತಾಂಶ ಸಾಗುವ ದಾರಿಗಳು). ಎಕ್ಸ್4 ಅಥವಾ ಎಕ್ಸ್1 ಕಂಡರೆ ಕಾರ್ಡನ್ನು ಕೆಳಗಿನ ಸ್ಲಾಟ್‌ಗೆ ಹಾಕಿದ್ದೀರಿ ಎಂದರ್ಥ. ಪ್ರೊಸೆಸರ್‌ಗೆ ಹತ್ತಿರದ ಉದ್ದನೆಯ ಸ್ಲಾಟ್‌ಗೆ ಸರಿಸಿ. ಸುಮ್ಮನಿರುವಾಗ ಆ ಲೇನ್‌ಗಳ, ಅಂದರೆ ಪಿಸಿಐಇ ಜೋಡಣೆಯ, ತಲೆಮಾರು 4.0 ಬದಲು 1.1 ತೋರಿಸುವುದು ವಿದ್ಯುತ್ ಉಳಿಸುವ ಕ್ರಮ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಕಾರ್ಡಿಗೆ ಕೆಲಸ ಕೊಟ್ಟರೆ 4.0ಗೆ ಏರಬೇಕು.

ಪ್ರಶ್ನೆ: ಇಂಟೆಲ್ ಐ7-12700, ಎಚ್610 ಬೋರ್ಡ್, ಪ್ರೊಸೆಸರ್ ಜೊತೆ ಬಂದ ಕೂಲರ್. ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವುದು) ಶುರುವಾದಾಗ ಜೋರಾಗಿ ಓಡಿ, ಸ್ವಲ್ಪ ಹೊತ್ತಿಗೆ ಮಂದವಾಗುತ್ತದೆ. ಬೇಸಿಗೆಯಲ್ಲಂತೂ ಮೌಸ್ ಕೂಡ ನಿಂತು ನಿಂತು ಚಲಿಸುತ್ತದೆ. (ಕಲಬುರಗಿ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಒಂದು ಪ್ರೊಸೆಸರ್‌ನ ಸ್ವಭಾವ, ಇನ್ನೊಂದು ದೋಷ.

12700ಕ್ಕೆ ಇಂಟೆಲ್ ಗೊತ್ತುಮಾಡಿರುವ ಮಿತಿ ಎರಡು: ದೀರ್ಘ ಕೆಲಸಕ್ಕೆ 65 ವ್ಯಾಟ್, ಸ್ವಲ್ಪ ಹೊತ್ತಿನ ಓಟಕ್ಕೆ 180 ವ್ಯಾಟ್. ಸಾಧಾರಣ ಬೋರ್ಡ್ ಇದನ್ನು ಅಕ್ಷರಶಃ ಪಾಲಿಸಿದರೆ, ರೆಂಡರ್ ಶುರುವಾದ ಅರ್ಧ ನಿಮಿಷದ ಆಸುಪಾಸಿನಲ್ಲಿ ವೇಗ ಇಳಿದು ಅಲ್ಲೇ ನಿಲ್ಲುತ್ತದೆ. ಇದು ಕೆಡುಕಲ್ಲ. ಆದರೆ ಮೌಸ್ ನಿಲ್ಲುವ ಮಟ್ಟಕ್ಕೆ ಹೋಗುವುದು ಖಂಡಿತ ಕೆಡುಕು.

ಎಚ್‌ಡಬ್ಲ್ಯುಇನ್ಫೋವನ್ನು ಸೆನ್ಸರ್ಸ್ ಓನ್ಲಿ ಆಯ್ಕೆಯಲ್ಲಿ ತೆರೆದು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ನಾಲ್ಕು ಸಾಲುಗಳನ್ನು ಬರೆದುಕೊಳ್ಳಿ: ಪ್ರೊಸೆಸರ್ ಪ್ಯಾಕೇಜ್ ತಾಪ, ಪ್ಯಾಕೇಜ್ ವ್ಯಾಟ್, ಕೋರ್ ಗಡಿಯಾರದ ವೇಗ, ಥರ್ಮಲ್ ಥ್ರಾಟ್ಲಿಂಗ್ (ಕಾದಾಗ ವೇಗ ಇಳಿಸುವುದು) ಎದುರಿನ ಯೆಸ್ ಅಥವಾ ನೋ. ತಾಪ 100 ಡಿಗ್ರಿ ಮುಟ್ಟಿ ಥ್ರಾಟ್ಲಿಂಗ್ ಎದುರು ಯೆಸ್ ಬಂದರೆ ತಪ್ಪು ಕೂಲರ್‌ನ ಕಡೆ. ತಾಪ 60, 70ರಲ್ಲೇ ಇದ್ದು, ವ್ಯಾಟ್ 65ರಲ್ಲಿ ನಿಂತಿದ್ದರೆ ಅದು ಮೇಲೆ ಹೇಳಿದ ಮಿತಿ. ತಾಪ ಕಡಿಮೆಯಿದ್ದೂ ಗಡಿಯಾರ ಏಕಾಏಕಿ 0.8 ಗಿಗಾಹರ್ಟ್ಸ್‌ಗೆ ಕುಸಿದರೆ ಬೋರ್ಡ್‌ನ ವಿಆರ್‌ಎಂ, ಅಂದರೆ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಭಾಗ, ಕಾದುಹೋಗಿ 'ನಿಲ್ಲಿಸು' ಎಂಬ ಸಂಕೇತ ಕೊಡುತ್ತಿದೆ. ಮೌಸ್ ನಿಂತು ನಿಂತು ಚಲಿಸುತ್ತದೆ ಎಂದು ಬರೆದಿರುವುದರಿಂದ ನಿಮ್ಮ ವಿಷಯದಲ್ಲಿ ಈ ಮೂರನೆಯದರ ಶಂಕೆ ಬಲವಾಗಿದೆ. ಅಗ್ಗದ ಎಚ್610 ಬೋರ್ಡ್‌ಗಳಲ್ಲಿ ಹಲವಕ್ಕೆ ವಿಆರ್‌ಎಂ ಮೇಲೆ ಶಾಖ ಹೀರುವ ಲೋಹದ ಹೀಟ್‌ಸಿಂಕ್ ಇರುವುದೇ ಇಲ್ಲ. ಐ3, ಐ5ಗೆ ಅದು ನಡೆಯುತ್ತದೆ, ಗಂಟೆಗಟ್ಟಲೆ ರೆಂಡರ್ ಮಾಡುವ ಐ7ಗೆ ಸಾಲದು.

ಕೂಲರ್ ತಪ್ಪೆಂದು ಕಂಡುಬಂದರೆ ಪಿಸಿ ಆರಿಸಿ, ಬೋರ್ಡ್ ಹಿಂಬದಿಯಿಂದ ನೋಡಿ. ಇಂಟೆಲ್ ಕೂಲರ್‌ನ ನಾಲ್ಕು ಪಿನ್‌ಗಳ ಬಿಳಿ ಕಾಲುಗಳೂ ತೂತಿನಾಚೆ ಬಂದು, ನಡುವಿನ ಕರಿ ಕಡ್ಡಿ ಅವನ್ನು ಅಗಲಿಸಿರಬೇಕು. ಒಂದು ಮೂಲೆ ಸಡಿಲವಿದ್ದರೂ ತಳ ಓರೆಯಾಗಿ ನಿಲ್ಲುತ್ತದೆ. ಕೂರಿಸುವಾಗ ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು. ಒಂದು ಸಲ ಎತ್ತಿದ ಕೂಲರ್‌ನ ಶಾಖ ದಾಟಿಸುವ ಹಳೆಯ ಪೇಸ್ಟ್ ಮೇಲೆ ಮತ್ತೆ ಕೂರಿಸಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಹೊಸ ಪೇಸ್ಟ್ ಹಾಕಿ. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಚೌಕವಲ್ಲ, ಉದ್ದುದ್ದ. ಹಾಗಾಗಿ ನಡುವೆ ಒಂದು ಬಟಾಣಿಯಷ್ಟು ಹಾಕುವುದಕ್ಕಿಂತ ಉದ್ದಕ್ಕೆ ಒಂದು ಗೆರೆ ಎಳೆಯುವುದು ಒಳ್ಳೆಯದು. ಬೇರೆ ಕೂಲರ್ ಕೊಂಡವರು ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದೀರಾ ಎಂದೂ ನೋಡಿಕೊಳ್ಳಿ. ಫ್ಯಾನ್ ವೈರ್ ಬೋರ್ಡ್‌ನ ಸಿಪಿಯು ಫ್ಯಾನ್ ಎಂದು ಬರೆದ ಜಾಗದಲ್ಲೇ ಇರಲಿ.

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಹೊಸದೇನಲ್ಲ. ಕೋಣೆಯ ತಾಪ ಎಷ್ಟು ಏರುತ್ತದೋ ಪ್ರೊಸೆಸರ್ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬದಿಯ ಫಲಕ ತೆಗೆದಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿ. ತಾಪ ಎಂಟು ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್‌ನೊಳಗೆ ಗಾಳಿ ಆಡುತ್ತಿಲ್ಲ. ಮುಂದಿನಿಂದ ಒಳಗೆ ಎಳೆಯಲು ಎರಡು, ಹಿಂದಿನಿಂದ ಹೊರಗೆ ದೂಡಲು ಒಂದು, ಹೀಗೆ 120 ಮಿಲಿಮೀಟರ್‌ನ ಮೂರು ಫ್ಯಾನ್ ಸಾಕು. ಫ್ಯಾನ್‌ನ ಚೌಕಟ್ಟು, ಕಂಬಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ, ದಿಕ್ಕು ತಪ್ಪಿಸಬೇಡಿ. ಪ್ರೊಸೆಸರ್ ಮೇಲೆ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಹಾಕಿಸಿ. ವಿಆರ್‌ಎಂ ತಪ್ಪೆಂದು ಖಚಿತವಾದರೆ ಬಯೋಸ್‌ನಲ್ಲಿ ಎರಡೂ ಮಿತಿಗಳನ್ನು 65ರಿಂದ 80 ವ್ಯಾಟ್‌ ನಡುವೆ ಇಟ್ಟು ಕೆಲಸ ಸಾಗಿಸಿ. 0.8ಕ್ಕೆ ಬಿದ್ದು ಏಳುವ ಯಂತ್ರಕ್ಕಿಂತ ಒಂದೇ ಹದದಲ್ಲಿ ಓಡುವ ಯಂತ್ರ ಬೇಗ ರೆಂಡರ್ ಮುಗಿಸುತ್ತದೆ. ಎಡಿಟಿಂಗ್ ನಿಮ್ಮ ಹೊಟ್ಟೆಪಾಡು ಆದ್ದರಿಂದ, ಮುಂದೆ ಹಣ ಕೂಡಿದಾಗ ವಿಆರ್‌ಎಂಗೆ ದಪ್ಪ ಹೀಟ್‌ಸಿಂಕ್ ಇರುವ ಬಿ660 ಅಥವಾ ಬಿ760 ಬೋರ್ಡ್‌ಗೆ ಬದಲಿಸಿ. ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಅವು ಸಿಗುವುದರಿಂದ ನಿಮ್ಮ ರ‍್ಯಾಮ್‌ಗೆ ಹೊಂದುವುದನ್ನೇ ಕೇಳಿ.

ಪ್ರಶ್ನೆ: ನಮ್ಮದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಹೊಸದಾಗಿ ಅಸೆಂಬಲ್ ಮಾಡಿಸಿದ ಐ3-12100, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಆಗಲು ಮೂರು ನಿಮಿಷ ಬೇಕು. ನುಡಿ, ಕೋರೆಲ್‌ಡ್ರಾ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಾರೆ. (ಶಿವಮೊಗ್ಗ)

ಉತ್ತರ: ಎಸ್‌ಎಸ್‌ಡಿ ಇದ್ದೂ ಮೂರು ನಿಮಿಷ ಬೇಕೆಂದರೆ ವಿಂಡೋಸ್ ಅದರಲ್ಲಿಲ್ಲ, ಹಾರ್ಡ್ ಡಿಸ್ಕ್‌ನಲ್ಲಿದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿ ಡ್ರೈವ್ ಇರುವ ಡಿಸ್ಕ್ ಒತ್ತಿದರೆ ಎಸ್‌ಎಸ್‌ಡಿಯೋ ಎಚ್‌ಡಿಡಿಯೋ ಎಂದು ಬರೆದಿರುತ್ತದೆ. ಬಳಕೆ 100 ಪ್ರತಿಶತ ಇದ್ದು, ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಇದ್ದರೆ ಅನುಮಾನವೇ ಬೇಡ. ವಿಂಡೋಸ್ ಸಾವಿರಾರು ಚಿಕ್ಕ ಫೈಲುಗಳನ್ನು ಅಲ್ಲಲ್ಲಿಂದ ಓದುತ್ತದೆ. ಹಾರ್ಡ್ ಡಿಸ್ಕಿನ ಮುಳ್ಳು ಪ್ರತಿ ಫೈಲಿಗೂ ಓಡಾಡಬೇಕು, ಅದಕ್ಕೇ ಈ ಪಾಡು.

ಮೊದಲು ಕೆಲಸದ ಫೈಲುಗಳ ಪ್ರತಿ ಮಾಡಿಕೊಳ್ಳಿ. ಹಳೆಯ ನುಡಿ ಫಾಂಟ್‌ಗಳಲ್ಲಿರುವ ಲಗ್ನಪತ್ರಿಕೆ, ಬಿಲ್‌ಬುಕ್ ವಿನ್ಯಾಸಗಳಿದ್ದರೆ ಆ ಫಾಂಟ್ ಫೈಲುಗಳನ್ನೂ ತಪ್ಪದೆ ತೆಗೆದಿಡಿ, ಅವಿಲ್ಲದೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಆಮೇಲೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ತಯಾರಿಸಿ. ಇನ್‌ಸ್ಟಾಲ್ ಮಾಡುವಾಗ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ. ಇದು ಸಣ್ಣ ಮಾತಲ್ಲ. ಅದು ಜೋಡಣೆಯಲ್ಲಿದ್ದರೆ ವಿಂಡೋಸ್ ಎಸ್‌ಎಸ್‌ಡಿಗೆ ಹೋದರೂ ಬೂಟ್ ಭಾಗ ಹಾರ್ಡ್ ಡಿಸ್ಕ್‌ನಲ್ಲೇ ಉಳಿಯಬಹುದು. ಮುಂದೊಂದು ದಿನ ಹಾರ್ಡ್ ಡಿಸ್ಕ್ ತೆಗೆದರೆ ಪಿಸಿ ಏಳುವುದೇ ಇಲ್ಲ. ಎಲ್ಲ ಮುಗಿದ ಮೇಲೆ ಕೇಬಲ್ ಹಾಕಿ, ಬಯೋಸ್‌ನಲ್ಲಿ ಎಸ್‌ಎಸ್‌ಡಿ ಮೊದಲಿರಲಿ, ಹಾರ್ಡ್ ಡಿಸ್ಕನ್ನು ಫೈಲಿಡಲು ಬಳಸಿ.

ಎರಡನೆಯ ಕೆಲಸ, ಇನ್ನೊಂದು 8 ಜಿಬಿ ರ‍್ಯಾಮ್. ಈಗಿರುವುದರ ಮಾಡೆಲ್ ಸಂಖ್ಯೆಯನ್ನೇ ಹೇಳಿ ಕೊಳ್ಳಿ. ಡಿಡಿಆರ್4 3200 ಒಂದೇ ಇದ್ದಾಗ ಸೆಕೆಂಡಿಗೆ 25.6 ಜಿಬಿ ಸಾಗುವ ದಾರಿ ಎರಡಾದಾಗ 51.2 ಆಗುತ್ತದೆ. ನಿಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಪರದೆಯ ಕೆಲಸಕ್ಕೂ ಇದೇ ರ‍್ಯಾಮ್‌ನಿಂದ ಪಾಲು ಹೋಗುತ್ತದೆ.

ಪ್ರಶ್ನೆ: ನಿನ್ನೆ ವಿಂಡೋಸ್ ಹಾಕಿದೆ. ಏನೂ ತೆರೆಯದಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತದೆ, ಡಿಸ್ಕ್ ಸದಾ ಕೆಲಸದಲ್ಲಿದೆ. (ಹಾಸನ)

ಉತ್ತರ: ಅಪ್‌ಡೇಟ್ ಇಳಿಸುವುದು, ಫೈಲುಗಳ ಸೂಚಿ ತಯಾರಿಸುವುದು, ಡಿಫೆಂಡರ್ ತಪಾಸಣೆ, ಒನ್‌ಡ್ರೈವ್ ಹೊಂದಾಣಿಕೆ ಎಲ್ಲ ಮೊದಲ ದಿನ ಒಟ್ಟಿಗೆ ನಡೆಯುತ್ತವೆ. ಸ್ಲೀಪ್ ಆಗದಂತೆ ಇಟ್ಟು ಕೆಲವು ಗಂಟೆ ಬಿಡಿ, ಅಪ್‌ಡೇಟ್ ಮುಗಿದು ರೀಸ್ಟಾರ್ಟ್ ಆದ ಮೇಲೆ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಅಡಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ' ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಬಂದಿಲ್ಲ. ಅದನ್ನೂ ಚಿಪ್‌ಸೆಟ್ ಡ್ರೈವರನ್ನೂ ತಯಾರಕರ ತಾಣದಿಂದಲೇ ಹಾಕಿ.

ಪ್ರಶ್ನೆ: ಸೆಕೆಂಡಿಗೆ 7000 ಎಂಬಿ ಎಂದು ಬರೆದಿದ್ದ ಎಸ್‌ಎಸ್‌ಡಿ ನನ್ನ ರೈಜೆನ್ 5 5600ಜಿ ಪಿಸಿಯಲ್ಲಿ 3500 ಮಾತ್ರ ತೋರಿಸುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದರೆ ನಡುವೆ 100ಕ್ಕೆ ಇಳಿಯುತ್ತದೆ. ನಕಲಿ ಮಾಲೇ? (ಹುಬ್ಬಳ್ಳಿ)

ಉತ್ತರ: ನಕಲಿ ಎನ್ನಲು ಇದು ಸಾಕ್ಷಿಯಲ್ಲ. 5600ಜಿ ಪ್ರೊಸೆಸರ್ ಪಿಸಿಐಇ 3.0 ಮಾತ್ರ ಬಲ್ಲದು, ಬೋರ್ಡ್ 4.0 ಆಗಿದ್ದರೂ ಅಷ್ಟೇ. ನಾಲ್ಕು ಲೇನ್‌ಗಳಲ್ಲಿ 3500ರ ಆಸುಪಾಸೇ ಅದರ ಗರಿಷ್ಠ. ದಿನನಿತ್ಯದ ಕೆಲಸದಲ್ಲಿ ಈ ವ್ಯತ್ಯಾಸ ನಿಮ್ಮ ಅನುಭವಕ್ಕೆ ಬರುವುದೇ ಇಲ್ಲ.

100ಕ್ಕೆ ಇಳಿಯುವುದು ಬೇರೆ ವಿಷಯ. ಅಗ್ಗದ ಎಸ್‌ಎಸ್‌ಡಿಗಳು ಖಾಲಿ ಜಾಗದ ಒಂದು ಪಾಲನ್ನು ಎಸ್‌ಎಲ್‌ಸಿ ಕ್ಯಾಶ್ ಎಂದು ಬಳಸಿ ಮೊದಲು ಅದಕ್ಕೆ ವೇಗವಾಗಿ ಬರೆಯುತ್ತವೆ. ಅದು ತುಂಬಿದ ಮೇಲೆ ನಿಜವಾದ ಕೋಶಗಳಿಗೆ ಬರೆಯಬೇಕು. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಬಗೆಯ ಕೆಲವು ಡ್ರೈವ್‌ಗಳಲ್ಲಿ ಆ ವೇಗ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಡ್ರೈವ್ ತುಂಬುತ್ತ ಹೋದಂತೆ ಕ್ಯಾಶ್ ಕುಗ್ಗುತ್ತದೆ, ಹಾಗಾಗಿ ಐದನೇ ಒಂದು ಭಾಗವನ್ನು ಸದಾ ಖಾಲಿ ಬಿಡಿ. ಡ್ರೈವ್ ತಾಪವನ್ನೂ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿ. 80 ಡಿಗ್ರಿ ಹತ್ತಿರ ಹೋಗುತ್ತಿದ್ದರೆ ಬೋರ್ಡ್‌ನ ಎಂ.2 ಹೀಟ್‌ಸಿಂಕ್ ಹಾಕಿ, ಅದರಡಿಯ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಪೊರೆ ತೆಗೆದಿರಬೇಕು. ಇನ್ನು ಮುಂದೆ ದೊಡ್ಡ ವಿಡಿಯೊ ಫೈಲುಗಳಿಗೆಂದು ಕೊಳ್ಳುವಾಗ ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್ ಇಡುವ ಬಗೆ) ಎಂದು ಕೇಳಿ ಕೊಳ್ಳಿ.

ಪ್ರಶ್ನೆ: ರೈಜೆನ್ 5 5600, ಬಿ450 ಬೋರ್ಡ್, ವಿಂಡೋಸ್ 11. ವೇಗ ಚೆನ್ನಾಗಿದೆ, ಆದರೆ ದಿನಕ್ಕೆ ಕೆಲವು ಸಲ ಒಂದೆರಡು ಸೆಕೆಂಡು ಇಡೀ ಪಿಸಿ ಸ್ತಬ್ಧವಾಗಿ ಹಾಡು ಗರಗರ ಎನ್ನುತ್ತದೆ. (ಮಂಗಳೂರು)

ಉತ್ತರ: ಈ ಲಕ್ಷಣ ಪರಿಚಿತವಾದದ್ದು. ವಿಂಡೋಸ್ 11 ಕೇಳುವ ಟಿಪಿಎಂ ಭದ್ರತಾ ವ್ಯವಸ್ಥೆಯನ್ನು ರೈಜೆನ್ ಪ್ರೊಸೆಸರ್ ಒಳಗೇ ಎಫ್‌ಟಿಪಿಎಂ ಎಂದು ಕೊಟ್ಟಿದ್ದಾರೆ. ಅದು ಬೋರ್ಡ್‌ನ ಫ್ಲ್ಯಾಶ್ ಚಿಪ್ ಜೊತೆ ವ್ಯವಹರಿಸುವಾಗ ಯಂತ್ರ ಕ್ಷಣಕಾಲ ನಿಲ್ಲುತ್ತಿತ್ತು. 2022ರ ಮಾರ್ಚ್‌ನಲ್ಲಿ ಎಎಂಡಿ ಇದನ್ನು ಒಪ್ಪಿಕೊಂಡು, ಅಗೇಸಾ (ಬಯೋಸ್‌ಗೆ ಎಎಂಡಿ ಕೊಡುವ ಮೂಲ ತಂತ್ರಾಂಶ) 1.2.0.7 ಇರುವ ಬಯೋಸ್‌ಗಳಲ್ಲಿ ಸರಿಪಡಿಸಿತು. ಬಹಳ ದಿನ ಅಂಗಡಿಯಲ್ಲಿ ಕೂತ ಬಿ450 ಬೋರ್ಡ್‌ನಲ್ಲಿ ಹಳೆಯ ಬಯೋಸ್ ಇರುವುದು ಸಹಜ. ಸಿಪಿಯು-ಝಡ್‌ನ ಮೇನ್‌ಬೋರ್ಡ್ ಪುಟದಲ್ಲಿ ಬಯೋಸ್ ಆವೃತ್ತಿ ನೋಡಿ, ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾಡೆಲ್‌ನ ಕೊನೆಯ ಸ್ಥಿರ ಆವೃತ್ತಿ ಇಳಿಸಿಕೊಳ್ಳಿ. ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿನ ಫ್ಲ್ಯಾಶ್ ಆಯ್ಕೆಯಿಂದ ಏರಿಸಿ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಗೂಢಲಿಪಿ ಬೀಗ ಇದ್ದರೆ ಮೊದಲು ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಇಲ್ಲದಿದ್ದರೆ ಬಯೋಸ್ ಬದಲಾದ ಮೇಲೆ ನಿಮ್ಮ ಡಿಸ್ಕ್ ನಿಮಗೇ ತೆರೆಯದಂತಾಗಬಹುದು. ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡುತ್ತದೆ, ಯುಪಿಎಸ್ ಇಲ್ಲದೆ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಬಯೋಸ್ ಏರಿಸಿದ ಮೇಲೆ ರ‍್ಯಾಮ್‌ನ ವೇಗದ ಪ್ರೊಫೈಲ್ ಆರಿಹೋಗಿರುತ್ತದೆ, ಮತ್ತೆ ಹಾಕಿ.

ಪ್ರಶ್ನೆ: ರ‍್ಯಾಮ್ ಬೂಸ್ಟರ್, ಪಿಸಿ ಕ್ಲೀನರ್‌ಗಳನ್ನು ಹಾಕಬಹುದೇ? ಆಂಟಿವೈರಸ್ ಎರಡಿದ್ದರೆ ಒಳ್ಳೆಯದೇ? (ವಿಜಯಪುರ)

ಉತ್ತರ: ಎರಡಕ್ಕೂ ಬೇಡ. ಖಾಲಿ ರ‍್ಯಾಮ್‌ನಿಂದ ಪ್ರಯೋಜನವಿಲ್ಲ, ವಿಂಡೋಸ್ ಅದನ್ನು ಬೇಕೆಂದೇ ತುಂಬಿಟ್ಟುಕೊಳ್ಳುತ್ತದೆ. ಎರಡು ಆಂಟಿವೈರಸ್ ಪ್ರತಿ ಫೈಲನ್ನೂ ಎರಡೆರಡು ಸಲ ತಡೆದು ನೋಡುತ್ತವೆ, ಒಂದನ್ನು ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿದರೆ ಸಾಕು.

ಪ್ರಶ್ನೆ: ವೇಗಕ್ಕಾಗಿ ಪವರ್ ಮೋಡ್ ಬದಲಿಸಬೇಕೇ? ಮೆಮೊರಿ ಇಂಟಿಗ್ರಿಟಿ ಆರಿಸಿ ಎಂದು ಹಲವರು ಹೇಳುತ್ತಾರೆ. (ಬೆಳಗಾವಿ)

ಉತ್ತರ: ಡೆಸ್ಕ್‌ಟಾಪ್‌ಗೆ ಬ್ಯಾಲೆನ್ಸ್‌ಡ್ ಸಾಕು, ಅದರಲ್ಲೂ ಪ್ರೊಸೆಸರ್ ಬೇಕಾದಾಗ ಪೂರ್ತಿ ಏರುತ್ತದೆ. ಪವರ್ ಸೇವರ್ ಆಗಿದ್ದರೆ ಮಾತ್ರ ಬದಲಿಸಿ. ಮೆಮೊರಿ ಇಂಟಿಗ್ರಿಟಿ ಆರಿಸಿದರೆ ಕೆಲವು ಗೇಮ್‌ಗಳಲ್ಲಿ ಅಲ್ಪಸ್ವಲ್ಪ ಲಾಭ ಸಿಗುವುದು ನಿಜ, ಆದರೆ ದುರುದ್ದೇಶದ ಡ್ರೈವರ್‌ಗಳು ವಿಂಡೋಸ್‌ನ ಒಳಮನೆಗೆ ನುಗ್ಗದಂತೆ ಕಾಯುವುದು ಅದೇ. ಅದೇ ಪಿಸಿಯಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತೀರಾದರೆ ಆನ್ ಇರಲಿ.